‘ಔಷಧಿ ಹೊಡೆಸಿ ಆಯ್ತು’ ಎಂದ ಗಂಡ, ಹೊಲಿಗೆ ಬಿಚ್ಚದ ಮೈಲುತುತ್ತದ ಚೀಲ

ಪ್ರಶ್ನೆ: ನನಗೆ 36, ಯಜಮಾನರಿಗೆ 43. ಮದುವೆಯಾಗಿ 13 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿ, ಎರಡು ಎಕರೆ ಅಡಿಕೆ ತೋಟ. ನಮ್ಮವರು ಕುಡಿಯುವುದಿಲ್ಲ, ನನ್ನ ಮೇಲೆ ಕೈ ಎತ್ತಿದವರಲ್ಲ, ಊರಲ್ಲಿ ಒಳ್ಳೆಯ ಹೆಸರಿದೆ. ಆದರೆ ಬಾಯಿ ಬಿಟ್ಟರೆ ಸುಳ್ಳು. ಏನೋ ಲಾಭಕ್ಕೆ ಹೇಳುವುದಾದರೆ ಅರ್ಥವಾಗುತ್ತಿತ್ತು. ಪೇಟೆಯಲ್ಲಿ ದೋಸೆ ತಿಂದು ಬಂದು ಇಡ್ಲಿ ತಿಂದೆ ಅನ್ನುತ್ತಾರೆ. ಮಂಡಗದ್ದೆಯಲ್ಲಿ ಬಸ್ಸು ಕೆಟ್ಟು ನಿಂತಿತು ಅನ್ನುತ್ತಾರೆ, ಅದೇ ಬಸ್ಸಿನಲ್ಲಿ ಬಂದ ಪಕ್ಕದ ಮನೆಯವರು ಹಾಗೇನೂ ಆಗಿಲ್ಲ ಅನ್ನುತ್ತಾರೆ. ನೆಂಟರ ಮದುವೆಯಲ್ಲಿ ‘ಎರಡು ವರ್ಷ ಇಂಜಿನಿಯರಿಂಗ್ ಓದಿ ಬಿಟ್ಟೆ’ ಅಂದರು. ಅವರು ಪಿಯುಸಿ ದಾಟಿಲ್ಲ. ಮಳೆಗಾಲದಲ್ಲಿ ಅಡಿಕೆ ಕಾಯಿಗೆ ಕೊಳೆ ರೋಗ ಬರುತ್ತದೆ. ಹೋದ ವರ್ಷ ಮಳೆ ಹಿಡಿಯುವ ಮೊದಲು ‘ಕೊಳೆ ಔಷಧಿ ಹೊಡೆಸಿದ್ರಾ?’ ಅಂತ ಕೇಳಿದೆ. ‘ಆಯ್ತು ಮಾರಾಯ್ತಿ, ನಿನ್ನೆಯೇ ಆಯ್ತು’ ಅಂದರು. ತೋಟಕ್ಕೆ ಹೋಗಿ ನೋಡಿದರೆ ಒಂದು ಸೋಗೆಯ ಮೇಲೂ ನೀಲಿ ಕಲೆ ಇಲ್ಲ. ಕೇಳಿದ್ದಕ್ಕೆ ಮಳೆಗೆ ತೊಳೆದುಹೋಗಿದೆ ಅಂದರು. ಆಷಾಢದಲ್ಲಿ ಕೊಳೆತ ಕಾಯಿ ಮರದ ಬುಡದಲ್ಲಿ ಹಾಸಿದ ಹಾಗೆ ಬಿದ್ದಿತ್ತು. ಆಮೇಲೆ ಅಟ್ಟ ಹತ್ತಿದರೆ ಆ ಔಷಧಿಗೆ ಬೆರೆಸುವ ನೀಲಿ ಮೈಲುತುತ್ತದ ಚೀಲ ಹೊಲಿಗೆ ಬಿಚ್ಚದೆ ಹಾಗೇ ಕೂತಿದೆ. ಮುಂದೆ ತಂದಿಟ್ಟರೂ ‘ಇದು ಬೇರೆ ಚೀಲ’ ಅಂದರು.

ಅತ್ತೆ, ‘ಅವನು ಸಣ್ಣವನಿದ್ದಾಗಿಂದ ಹಾಗೇ, ಅವರಪ್ಪನ ಬೆತ್ತ ನೀನು ನೋಡಿಲ್ಲ’ ಅನ್ನುತ್ತಾರೆ. ನಾದಿನಿ ಸಿಗಂದೂರಿಗೆ ಕರೆದುಕೊಂಡು ಹೋಗಿ ಆಣೆ ಹಾಕಿಸು ಅನ್ನುತ್ತಾಳೆ. ನನ್ನ ತಮ್ಮ ಸುಳ್ಳು ಕಂಡುಹಿಡಿಯುವ ಯಂತ್ರ ಇದೆಯಂತೆ ಅನ್ನುತ್ತಾನೆ. ಈಗ 9 ವರ್ಷದ ಮಗನೂ ಹೋಂವರ್ಕ್ ವಿಷಯದಲ್ಲಿ ಮುಖ ನೋಡಿಕೊಂಡೇ ಸುಳ್ಳು ಹೇಳುತ್ತಾನೆ. ಇದು ಕಾಯಿಲೆಯೇ? ತಾನು ಹೇಳುತ್ತಿರುವುದು ಸುಳ್ಳು ಅಂತ ಅವರಿಗೆ ಗೊತ್ತಿರುತ್ತದೆಯೇ? ಕೆಲವು ಸಲ ನಾನೇ ತಪ್ಪು ನೋಡಿದೆನೇನೋ ಅನ್ನಿಸುತ್ತದೆ. ನನ್ನ ತಲೆಯೇ ಕೆಡುತ್ತಿದೆಯಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮನ್ನು ಹೆಚ್ಚು ಸುಡುತ್ತಿರುವುದು ಅದೇ ಎಂದು ಪತ್ರ ಓದಿದಾಗ ಅನ್ನಿಸಿತು. ನಿಮ್ಮ ತಲೆ ಕೆಟ್ಟಿಲ್ಲ. ಚೀಲ ಬಿಚ್ಚಿರಲಿಲ್ಲ, ಸೋಗೆಯ ಮೇಲೆ ಕಲೆ ಇರಲಿಲ್ಲ. ನೀವು ನೋಡಿದ್ದು ಸರಿಯಾಗಿಯೇ ಇತ್ತು.

ಆದರೂ ಅನುಮಾನ ಯಾಕೆ ಹುಟ್ಟುತ್ತದೆ? ಮನುಷ್ಯನ ನೆನಪು ಫೋಟೋ ಅಲ್ಲ. ಪ್ರತಿ ಸಲ ನೆನೆಸಿಕೊಂಡಾಗಲೂ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ಬೇರೆಯವರ ಮಾತೂ ಒಳಗೆ ಸೇರಿಕೊಳ್ಳುತ್ತದೆ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜವೆನ್ನಿಸತೊಡಗುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. 13 ವರ್ಷ ಒಂದೇ ಸೂರಿನಡಿ ಇಂಥ ಮಾತು ಕೇಳಿದವರಿಗೆ ತಮ್ಮ ಕಣ್ಣಿನ ಮೇಲೆಯೇ ನಂಬಿಕೆ ಅಲ್ಲಾಡುವುದು ಸಹಜ. ಹಾಗಾಗಿ ಒಂದು ಸಣ್ಣ ನೋಟ್‌ಬುಕ್ ಇಡಿ. ತಾರೀಕು, ಕಂಡದ್ದು, ಕೇಳಿದ್ದು, ಅಷ್ಟೇ. ಅದನ್ನು ಯಜಮಾನರ ಮುಂದೆ ಪುರಾವೆಯಾಗಿ ಹಿಡಿಯಬೇಡಿ. ಅದು ನಿಮ್ಮ ಕಾಲಡಿಯ ನೆಲ ಗಟ್ಟಿ ಇದೆ ಎಂದು ನಿಮಗೇ ಖಾತ್ರಿಪಡಿಸಿಕೊಳ್ಳಲು.

ಇನ್ನು ಇದು ಕಾಯಿಲೆಯೇ ಎಂಬ ಪ್ರಶ್ನೆ. ಕಾರಣವೇ ಕಾಣದೆ, ಕಥೆ ಕಟ್ಟಿದ ಹಾಗೆ ಸುಳ್ಳು ಹೇಳುವವರ ಬಗ್ಗೆ ಜರ್ಮನಿಯ ಮನೋವೈದ್ಯ ಆಂಟನ್ ಡೆಲ್‌ಬ್ರೂಕ್ 1891ರಲ್ಲಿ ಬರೆದ. ಅಲ್ಲಿಂದ ಇವತ್ತಿನವರೆಗೆ ಚರ್ಚೆ ನಡೆದೇ ಇದೆ. ಆದರೆ ನಾವು ವೈದ್ಯರು ರೋಗನಿರ್ಣಯಕ್ಕೆ ಬಳಸುವ ಎರಡು ಮುಖ್ಯ ಕೈಪಿಡಿಗಳಲ್ಲೂ, ಅಂದರೆ ಅಮೆರಿಕದ ಮನೋವೈದ್ಯರ ಸಂಘದ್ದರಲ್ಲೂ ವಿಶ್ವ ಆರೋಗ್ಯ ಸಂಸ್ಥೆಯದರಲ್ಲೂ, ‘ಸುಳ್ಳು ಹೇಳುವ ರೋಗ’ ಎಂದು ಪ್ರತ್ಯೇಕ ಹೆಸರಿಲ್ಲ. ಅಡಿಕೆ ಮರದ ಎಲೆ ಹಳದಿಯಾದರೆ ನೀವು ಏನು ಮಾಡುತ್ತೀರಿ? ಬುಡದಲ್ಲಿ ನೀರು ನಿಂತಿದೆಯೋ, ಬೇರು ಹುಳ ತಿಂದಿದೆಯೋ, ಹಳದಿ ಎಲೆ ರೋಗವೇ ಬಂದಿದೆಯೋ ಅಂತ ಕೆದಕಿ ನೋಡುತ್ತೀರಿ. ಹಳದಿ ಬಣ್ಣಕ್ಕೆ ಯಾರೂ ಔಷಧಿ ಹೊಡೆಸುವುದಿಲ್ಲ. ಅಭ್ಯಾಸದ ಸುಳ್ಳೂ ಹಾಗೆ. ಅದು ಎಲೆಯ ಮೇಲೆ ಕಾಣುತ್ತದೆ, ಇರುವುದು ಬುಡದಲ್ಲಿ.

‘ಎಲ್ಲರೂ ಹೇಳುತ್ತಾರೆ ಬಿಡಿ, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಅಂದಿಲ್ಲವೇ’ ಎಂದು ಸಮಾಧಾನ ಹೇಳುವವರು ಸಿಗುತ್ತಾರೆ. ಇದು ಅರ್ಧ ನಿಜ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ 1000 ವಯಸ್ಕರನ್ನು ಕಳೆದ 24 ಗಂಟೆಯಲ್ಲಿ ಎಷ್ಟು ಸುಳ್ಳು ಹೇಳಿದಿರಿ ಎಂದು ಕೇಳಿದ್ದರು. ಸುಮಾರು ಶೇ 60ರಷ್ಟು ಜನ ಒಂದೂ ಇಲ್ಲ ಅಂದರು. ಒಟ್ಟು ಸುಳ್ಳುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಹೇಳಿದವರು ಶೇ 5ರಷ್ಟು ಮಂದಿ ಮಾತ್ರ. ಮನೆಗೆ ಬಂದವರಿಗೆ ‘ಊಟ ಆಯ್ತು’ ಅನ್ನುವ ಸುಳ್ಳಿಗೂ ನಿಮ್ಮ ಮನೆಯಲ್ಲಿ ನಡೆಯುತ್ತಿರುವುದಕ್ಕೂ ವ್ಯತ್ಯಾಸ ಇದೆ. ನಿಮಗೆ ನೋವಾಗಿದ್ದರೆ ಅದು ಅತಿಯಾದ ಸೂಕ್ಷ್ಮತೆಯಲ್ಲ.

ತಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಗೊತ್ತಿರುತ್ತದೆಯೇ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುಳ್ಳಿನ ಹಾಗೆ ಕಾಣುವ, ಆದರೆ ಸುಳ್ಳಲ್ಲದ ಮಾತುಗಳೂ ಇವೆ. ಹಲವು ವರ್ಷಗಳ ಹಿಂದೆ ಸಾಗರದ ಕಡೆಯ ಒಬ್ಬ ಹಿರಿಯರು ವಾರ್ಡಿನಲ್ಲಿದ್ದರು, ಹತ್ತಾರು ವರ್ಷ ವಿಪರೀತ ಕುಡಿದವರು. ‘ಇವತ್ತು ಬೆಳಿಗ್ಗೆ ಏನು ಮಾಡಿದ್ರಿ ಯಜಮಾನ್ರೇ?’ ಎಂದರೆ, ‘ತೋಟಕ್ಕೆ ಹೋಗಿ ನೀರು ಬಿಟ್ಟು ಬಂದೆ, ಕಾಲು ಇನ್ನೂ ಒದ್ದೆ ಇದೆ ನೋಡಿ’ ಎಂದು ಕಾಲು ಚಾಚಿ ತೋರಿಸುತ್ತಿದ್ದರು. ಕಾಲು ಒಣಗಿತ್ತು, ಅವರು ಮಂಚ ಇಳಿದು ನಾಲ್ಕು ದಿನವಾಗಿತ್ತು. ಅವರ ಮಗ ತಲೆ ತಗ್ಗಿಸಿ, ‘ಮೊದಲಿಂದಲೂ ಸುಳ್ಳೇ ಸಾರ್’ ಅಂದ. ಅದು ಸುಳ್ಳಾಗಿರಲಿಲ್ಲ. ಕುಡಿತದ ಜೊತೆಗೆ ಬಿ1 ಜೀವಸತ್ವ ಇಲ್ಲದೆ ಮಿದುಳಿಗೆ ಏಟು ಬಿದ್ದಾಗ ಹೊಸ ನೆನಪು ಉಳಿಯುವುದಿಲ್ಲ, ಖಾಲಿ ಜಾಗವನ್ನು ಮಿದುಳು ತಾನೇ ಏನೋ ತುಂಬಿ ಮುಚ್ಚುತ್ತದೆ. ಮರೆವಿನ ಕಾಯಿಲೆಯಲ್ಲೂ ಹೀಗಾಗುವುದುಂಟು. ಹಾಗೆಯೇ ಮನೋವಿಕಾರದಲ್ಲಿ ‘ಪಕ್ಕದವರು ನನ್ನ ಫೋನ್ ಕದ್ದು ಕೇಳುತ್ತಿದ್ದಾರೆ’ ಎಂದು ಪೂರ್ತಿ ನಂಬಿ ಹೇಳುವವರೂ ಸುಳ್ಳುಗಾರರಲ್ಲ. ನಡುವಯಸ್ಸು ದಾಟಿದ ಮೇಲೆ, ಮೊದಲು ಸತ್ಯವಂತರಾಗಿದ್ದವರ ಮಾತು ಇದ್ದಕ್ಕಿದ್ದಂತೆ ಹೀಗೆ ತಿರುಗಿದರೆ ಮೊದಲು ಆಸ್ಪತ್ರೆಗೆ ಕರೆತರಬೇಕು.

ನಿಮ್ಮ ಯಜಮಾನರದು ಸಣ್ಣಂದಿನಿಂದ ಬಂದದ್ದು. ನೋಡದೆ ಯಾರ ಬಗ್ಗೆಯೂ ರೋಗನಿರ್ಣಯ ಮಾಡುವುದು ತಪ್ಪು, ಆದರೆ ನೀವು ಕೊಟ್ಟ ವಿವರ ನನಗೆ ಬಹಳ ಪರಿಚಿತ. ಚೀಲ ಬಿಚ್ಚಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಂಜಿನಿಯರಿಂಗ್ ಕಥೆ ಮಾತ್ರ ಬೇರೆ. ಅದನ್ನು ಎಷ್ಟೋ ಕಡೆ ಎಷ್ಟೋ ಸಲ ಹೇಳಿರುತ್ತಾರೆ, ಆ ಎರಡು ವರ್ಷಗಳಲ್ಲಿ ಅವರು ಅರ್ಧ ಬದುಕಿಯೂ ಬಿಟ್ಟಿರುತ್ತಾರೆ. ಗಟ್ಟಿಯಾಗಿ ಹಿಡಿದು ಕೇಳಿದರೆ ಸುಳ್ಳೆಂದು ಒಪ್ಪಬಲ್ಲರು, ಸುಮ್ಮನಿದ್ದರೆ ಅದರೊಳಗೇ ಬೆಚ್ಚಗಿರುತ್ತಾರೆ.

ಆ ‘ಆಯ್ತು’ ಎಂಬ ಒಂದು ಶಬ್ದದ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ಮೇ ಕೊನೆಯ ದಿನಗಳನ್ನು ನೆನೆಸಿಕೊಳ್ಳಿ. ಆಗುಂಬೆ ಕಡೆ ಆಗಲೇ ಗುಡುಗು. ಮರ ಹತ್ತಿ ಔಷಧಿ ಹೊಡೆಯುವವರು ಇಡೀ ಮಲೆನಾಡಿಗೆ ಬೆರಳೆಣಿಕೆ, ಎಲ್ಲರ ತೋಟಕ್ಕೂ ಒಂದೇ ವಾರದಲ್ಲಿ ಬೇಕು. ನಾಲ್ಕು ಸಲ ಫೋನ್ ಮಾಡಿ ‘ನಾಳೆ ಬರ್ತೀನಿ’ ಎಂದವನು ಬಂದಿಲ್ಲ. ಸಂಜೆ ನೀವು ಕೇಳಿದಿರಿ. ಆ ಕ್ಷಣದಲ್ಲಿ ‘ಇಲ್ಲ, ಜನ ಸಿಗಲಿಲ್ಲ’ ಎಂದರೆ ಏನಾಗುತ್ತಿತ್ತು? ಬಹುಶಃ ನೀವು ಒಂದೆರಡು ಮಾತು ಅಂದಿರುತ್ತಿದ್ದಿರಿ, ಅಷ್ಟೇ. ಆದರೆ ಬೆತ್ತದ ಕೆಳಗೆ ಬೆಳೆದವನಿಗೆ ನಿಮ್ಮ ಪ್ರಶ್ನೆ ಪ್ರಶ್ನೆಯಾಗಿ ಕೇಳಿಸುವುದಿಲ್ಲ, ಎತ್ತಿದ ಕೈಯಾಗಿ ಕಾಣುತ್ತದೆ. ಯೋಚನೆಗೆ ಮೊದಲೇ ಬಾಯಿಂದ ‘ಆಯ್ತು’ ಬಿದ್ದುಹೋಗುತ್ತದೆ. ಆ ಸಂಜೆ ಪಾರಾಯಿತು. ನಾಳೆ ಹೊಡೆಸಿಬಿಟ್ಟರೆ ಮಾತು ನಿಜವಾಗುತ್ತದೆ ಎಂಬ ಆಸೆ ಒಂದಿರುತ್ತದೆ. ನಾಳೆ ಮಳೆ ಹಿಡಿಯಿತು. ಈಗ ನಿಜ ಹೇಳಬೇಕೆಂದರೆ ಎರಡು ತಪ್ಪು ಒಪ್ಪಬೇಕು, ಔಷಧಿ ಹೊಡೆಸದ್ದು, ಸುಳ್ಳು ಹೇಳಿದ್ದು. ಬೆಲೆ ಏರಿತು. ‘ಮಳೆಗೆ ತೊಳೆದುಹೋಯ್ತು’ ಬಂತು. ಚೀಲ ಮುಂದೆ ಬಂದಾಗ ಬೆಲೆ ಇನ್ನೂ ಏರಿತ್ತು, ‘ಬೇರೆ ಚೀಲ’ ಬಂತು. ಅವರು ನಿಮ್ಮನ್ನು ಮೂರ್ಖರನ್ನಾಗಿಸಲು ಹೊರಟಿದ್ದರೆಂದು ನನಗೆ ಅನ್ನಿಸುವುದಿಲ್ಲ. ಒಂದೊಂದು ಸಲವೂ ಮುಂದಿನ ಐದು ನಿಮಿಷವನ್ನು ದಾಟಲು ನೋಡುತ್ತಿದ್ದರು. ದೋಸೆ ತಿಂದು ಇಡ್ಲಿ ಎನ್ನುವುದೂ ಇದರದ್ದೇ ಪಳೆಯುಳಿಕೆ. ಭಯಕ್ಕೆ ಕಾರಣ ಹೋಗಿದೆ, ಬಾಯಿಯ ಅಭ್ಯಾಸ ಉಳಿದಿದೆ.

ನಾನು ಇದನ್ನು ಊಹೆಯ ಮೇಲಷ್ಟೇ ಹೇಳುತ್ತಿಲ್ಲ. 2011ರಲ್ಲಿ ಇಬ್ಬರು ಸಂಶೋಧಕರು, ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ, ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಪುಟ್ಟ ಮಕ್ಕಳನ್ನು ಹೋಲಿಸಿ ನೋಡಿದರು. ಒಂದರಲ್ಲಿ ಹೊಡೆತದ ಶಿಕ್ಷೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಹೊಡೆತದ ಶಾಲೆಯ ಮಕ್ಕಳು ಹೆಚ್ಚು ಸುಳ್ಳು ಹೇಳಿದರು, ಹೇಳಿದ್ದನ್ನು ಹೆಚ್ಚು ಜಾಣತನದಿಂದ ಉಳಿಸಿಕೊಂಡರು. ಬೆತ್ತ ಸತ್ಯ ಕಲಿಸಲಿಲ್ಲ, ಸಿಕ್ಕಿಬೀಳದಿರುವುದನ್ನು ಕಲಿಸಿತು. ಮತ್ತೊಂದು, 2016ರಲ್ಲಿ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನವರು ಮಿದುಳಿನ ಸ್ಕ್ಯಾನ್ ಮಾಡಿ ಕಂಡದ್ದು: ಸ್ವಂತ ಲಾಭಕ್ಕೆ ಸುಳ್ಳು ಹೇಳುತ್ತಾ ಹೋದ ಹಾಗೆ, ಭಾವನೆಗಳಿಗೆ ಮಿಡಿಯುವ ಅಮಿಗ್ಡಲಾ ಎಂಬ ಭಾಗದ ಪ್ರತಿಕ್ರಿಯೆ ಕಡಿಮೆಯಾಗುತ್ತಾ ಬಂತು, ಸುಳ್ಳಿನ ಗಾತ್ರ ದೊಡ್ಡದಾಗುತ್ತಾ ಹೋಯಿತು. ಗುದ್ದಲಿ ಹಿಡಿದ ಕೈ ದಡ್ಡುಗಟ್ಟುವ ಹಾಗೆ ಒಳಗಿನ ಚುಚ್ಚು ಮೊಂಡಾಗುತ್ತದೆ.

ಮನೆಯವರು ಕೊಟ್ಟ ಸಲಹೆಗಳ ಬಗ್ಗೆ. ಯಂತ್ರವನ್ನು ಮರೆತುಬಿಡಿ. ಅದು ಅಳೆಯುವುದು ಉಸಿರು, ರಕ್ತದೊತ್ತಡ, ಬೆವರು. ಸುಳ್ಳನ್ನಲ್ಲ. ಹೆದರಿದ ಸತ್ಯವಂತನೂ ಬೆವರುತ್ತಾನೆ. ನಮ್ಮ ಕರ್ನಾಟಕದ್ದೇ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಒಪ್ಪಿಗೆ ಇಲ್ಲದೆ ಯಾರ ಮೇಲೂ ಇಂಥ ಪರೀಕ್ಷೆ ಮಾಡುವಂತಿಲ್ಲ ಎಂದು ಹೇಳಿದೆ. ಕಣ್ಣು ತಪ್ಪಿಸಿದರೆ ಸುಳ್ಳು, ಮೂಗು ಮುಟ್ಟಿಕೊಂಡರೆ ಸುಳ್ಳು ಎಂಬುದೂ ನಿಲ್ಲುವುದಿಲ್ಲ. ಮುಖ ಮತ್ತು ಮಾತು ನೋಡಿ ಸುಳ್ಳು ಹಿಡಿಯುವ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳ ಲೆಕ್ಕವನ್ನು 2006ರಲ್ಲಿ ಒಟ್ಟು ಹಾಕಿದಾಗ, ಜನ ಸರಿಯಾಗಿ ಹೇಳಿದ್ದು ಸರಾಸರಿ ಶೇ 54ರಷ್ಟು. ನಾಣ್ಯ ಚಿಮ್ಮಿದರೂ ಅದಕ್ಕೆ ಸ್ವಲ್ಪವೇ ಕಡಿಮೆ ಬರುತ್ತದೆ. ಇಷ್ಟು ವರ್ಷ ಇದೇ ಕೆಲಸದಲ್ಲಿರುವ ನಾನೂ ಮುಖ ನೋಡಿ ಹೇಳಲಾರೆ.

ಆಣೆಯ ವಿಷಯ ಸೂಕ್ಷ್ಮ. ಸಿಗಂದೂರಿನ ಹೆಸರಿನ ಫಲಕ ತೋಟದ ಬೇಲಿಗೆ ಕಟ್ಟಿದರೆ ಕಳ್ಳ ಒಳಗೆ ಕಾಲಿಡಲು ಹಿಂಜರಿಯುತ್ತಾನೆ ಎಂಬ ನಂಬಿಕೆಯ ನಡುವೆ ನಾವೆಲ್ಲ ಬೆಳೆದವರು, ಆ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಭಯದಿಂದ ಸುಳ್ಳು ಹೇಳುವವರಿಗೆ ಇನ್ನೂ ದೊಡ್ಡ ಭಯ ತೋರಿಸಿದರೆ ಏನಾಗುತ್ತದೆ? ದೇವಿಯ ಮುಂದೆಯೂ ಅದೇ ‘ಬೇರೆ ಚೀಲ’ ಬಾಯಿಗೆ ಬರುತ್ತದೆ. ಆಮೇಲೆ ಅವರು ಎಂದೂ ನಿಜ ಹೇಳಲಾರರು, ಏಕೆಂದರೆ ಆಗ ದೈವದ್ರೋಹವನ್ನೂ ಒಪ್ಪಬೇಕಾಗುತ್ತದೆ. ಸಿಗಂದೂರಿಗೆ ಹೋಗಿ ಬನ್ನಿ, ಈಗ ಶರಾವತಿ ಹಿನ್ನೀರಿಗೆ ಸೇತುವೆಯೂ ಆಗಿದೆ. ಕೈ ಮುಗಿದು ಬನ್ನಿ. ಆಣೆ ಬೇಡ.

ಹಿರಿಯರನ್ನು ಕೂರಿಸಿ ಪಂಚಾಯಿತಿ ಮಾಡಿ ಸಾಕ್ಷಿ ಮುಂದಿಡುವುದೂ ಬೇಡ ಎನ್ನುತ್ತೇನೆ, ಇದಕ್ಕೆ ನನ್ನದೇ ತಪ್ಪು ಕಾರಣ. ವೃತ್ತಿಯ ಮೊದಲ ವರ್ಷಗಳಲ್ಲಿ, ಡಿಗ್ರಿ ಮುಗಿಸಿದೆನೆಂದು ಮನೆಯಲ್ಲಿ ನಂಬಿಸಿದ್ದ ಒಬ್ಬ ಹುಡುಗನ ಅಂಕಪಟ್ಟಿಯನ್ನು ಅವನ ತಂದೆಯ ಎದುರೇ ಮೇಜಿನ ಮೇಲೆ ಇಟ್ಟೆ. ಸತ್ಯ ಹೊರಗೆ ಬಂದರೆ ಹಗುರವಾಗುತ್ತಾನೆ ಅಂದುಕೊಂಡಿದ್ದೆ. ಅವನು ಕಾಗದದ ಒಂದು ಮೂಲೆಯನ್ನು ಮಡಚುತ್ತಾ, ಬಿಡಿಸುತ್ತಾ, ಮಡಚುತ್ತಾ ಕೂತ. ಒಂದು ಮಾತೂ ಆಡಲಿಲ್ಲ. ಮತ್ತೆ ನನ್ನ ಬಳಿ ಬರಲಿಲ್ಲ.

ಹಾಗಂತ ಸುಮ್ಮನಿರಿ ಎಂದಲ್ಲ. ಎರಡು ಕೆಲಸ ಇವೆ, ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಬೇಕು.

ಮೊದಲನೆಯದು ದುಡ್ಡು ಮತ್ತು ತೋಟದ್ದು. ಕಾಗದದಿಂದ ತಿಳಿಯಬಹುದಾದದ್ದನ್ನು ಬಾಯಿಂದ ಕೇಳಬೇಡಿ. ಅಡಿಕೆಯನ್ನು ಮಂಡಿಗೆ ಹಾಕಿದ ಮೇಲೆ ಮಾರಾಟದ ಪಟ್ಟಿ ಬರುತ್ತದೆ, ಅದು ಮನೆಯ ಒಂದೇ ಜಾಗದಲ್ಲಿ ಇರಲಿ. ಸೊಸೈಟಿಯ ಪಾಸ್‌ಬುಕ್ ನೋಡಿ. ಪಹಣಿ ತೆಗೆಸಿ, ತೋಟದ ಮೇಲಿನ ಸಾಲ ಸಾಮಾನ್ಯವಾಗಿ ಋಣದ ಕಾಲಂನಲ್ಲಿ ಕಾಣುತ್ತದೆ. ಓದದೆ ಯಾವ ಕಾಗದಕ್ಕೂ ಜಾಮೀನು ಸಹಿ ಹಾಕಬೇಡಿ. ಇದು ಅವರ ಮೇಲಿನ ಶಿಕ್ಷೆಯಲ್ಲ, ಮನೆಯ ವ್ಯವಸ್ಥೆ ಎಂದು ಮುಂಚೆಯೇ ಹೇಳಿಬಿಡಿ. ಮೊದಲು ಸ್ವಲ್ಪ ಮುನಿಸು ಬರಬಹುದು. ಇದೇ ಹೊತ್ತಿಗೆ ಓಸಿ, ಇಸ್ಪೀಟು, ಮೊಬೈಲಿನಲ್ಲಿ ಹಣ ಕಟ್ಟುವ ಆಟ ಇವುಗಳ ಸುಳಿವಿದೆಯೇ ಗಮನಿಸಿ. ಜೂಜಿನ ಚಟವನ್ನು ಗುರುತಿಸುವ ಲಕ್ಷಣಗಳಲ್ಲಿ ಆಟವನ್ನು ಮುಚ್ಚಿಡಲು ಸುಳ್ಳು ಹೇಳುವುದೂ ಒಂದು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿದೆ, ಆದರೆ ಅದಕ್ಕೆ ಮಾಡಿದ ಸಾಲ ಕಾನೂನು ಬಂತೆಂದು ತೀರುವುದಿಲ್ಲ.

ಒಂದು ಎಚ್ಚರಿಕೆ. ಕಾಗದ ನೋಡುವಾಗ ದೊಡ್ಡ ಸಾಲವೊಂದು ಹೊರಬಿದ್ದರೆ ಆ ರಾತ್ರಿ ಜಗಳ ಬೇಡ, ಅವರನ್ನು ಒಬ್ಬರೇ ಬಿಡುವುದೂ ಬೇಡ. ವರ್ಷಗಟ್ಟಲೆ ಮುಚ್ಚಿಟ್ಟದ್ದು ಒಮ್ಮೆಲೇ ಬಯಲಾದಾಗ ನಾಚಿಕೆಯಲ್ಲಿ ಜೀವ ಕಳೆದುಕೊಳ್ಳಲು ಹೊರಟವರನ್ನು ನಾನು ಕಂಡಿದ್ದೇನೆ. ತೋಟದ ಔಷಧಿಗಳಿಗೆ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರ ಇರಲಿ. ‘ನಾನು ಇರಬಾರದಿತ್ತು’ ಎಂಬಂಥ ಮಾತು ಬಂದರೆ ಅದನ್ನು ಮಾತ್ರ ಸುಳ್ಳೆಂದು ತಳ್ಳಿಹಾಕಬೇಡಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಎರಡನೆಯದು ಮಾತಿನ ಕೆಲಸ. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಕೇಳುವುದು ಬಿಡಿ. ಕಲೆ ಇಲ್ಲದ ಸೋಗೆ ನೋಡಿ ಬಂದು ‘ಹೊಡೆಸಿದ್ರಾ?’ ಎಂದರೆ ಅದು ಉರುಳು, ಅವರು ಬೀಳುತ್ತಾರೆ. ‘ಔಷಧಿ ಆಗಿಲ್ಲ ಅಂತ ಕಾಣ್ತದೆ, ಜನ ಸಿಗಲಿಲ್ವಾ? ನಾನೂ ಒಂದು ಕಡೆ ಫೋನ್ ಮಾಡ್ಲಾ?’ ಎಂದರೆ ಸುಳ್ಳಿಗೆ ಜಾಗವೇ ಇಲ್ಲ. ಇದರ ಜೊತೆಗೆ ಮನೆಯಲ್ಲಿ ಒಂದು ಒಪ್ಪಂದ ಮಾಡಿಕೊಳ್ಳಿ: ಏನೇ ಸುಳ್ಳು ಹೇಳಿದ್ದರೂ ಮಾರನೆಯ ದಿನ ಸಂಜೆಯೊಳಗೆ ತಾವಾಗಿ ತಿದ್ದಿ ಹೇಳಿದರೆ, ಸುಳ್ಳು ಹೇಳಿದ್ದಕ್ಕೆ ಜಗಳ ಇಲ್ಲ. ಆಗಿರುವ ನಷ್ಟದ ಬಗ್ಗೆ ಮಾತಾಡೋಣ, ಸುಳ್ಳಿನ ಬಗ್ಗೆ ಒಂದಕ್ಷರವೂ ಇಲ್ಲ. ಕಷ್ಟವಾಗುವುದು ನಿಮಗೇ. ಮೊದಲ ಸಲ ಅವರು ‘ನಿನ್ನೆ ಹೇಳಿದ್ದು ಹಾಗಲ್ಲ’ ಎಂದಾಗ ನಿಮ್ಮ ಹೊಟ್ಟೆಯಲ್ಲಿ 13 ವರ್ಷದ ಬೆಂಕಿ ಏಳುತ್ತದೆ. ಆ ಹೊತ್ತಿಗೆ ‘ಹೇಳಿದ್ದು ಒಳ್ಳೆಯದಾಯ್ತು’ ಎಂದು ಅಂದು ಅಡುಗೆಮನೆಗೆ ಹೋಗಿಬಿಡಿ. ಇದರಲ್ಲೂ ಅಪಾಯ ಇದೆ: ಕೆಲವರು ತಿದ್ದುವುದನ್ನೇ ನಾಟಕ ಮಾಡಿಕೊಳ್ಳುತ್ತಾರೆ, ಸಣ್ಣದನ್ನು ಒಪ್ಪಿ ದೊಡ್ಡದನ್ನು ಮುಚ್ಚುತ್ತಾರೆ. ಅದಕ್ಕೇ ಕಾಗದದ ಕೆಲಸವನ್ನು ನಿಲ್ಲಿಸಬಾರದು.

ಮಗನಿಗೂ ಇದೇ. ಖಾಲಿ ಪುಸ್ತಕ ನೋಡಿ ‘ಹೋಂವರ್ಕ್ ಮಾಡಿದ್ಯಾ?’ ಅನ್ನಬೇಡಿ. ‘ಇದು ಬಾಕಿ ಇದೆ, ಎಲ್ಲಿ ಗೊತ್ತಾಗ್ಲಿಲ್ಲ ತೋರಿಸು’ ಅನ್ನಿ. ಈ ವಯಸ್ಸಿನ ಸುಳ್ಳು ಕಾಯಿಲೆಯಲ್ಲ, ಮಕ್ಕಳು ಮೂರು ನಾಲ್ಕು ವರ್ಷಕ್ಕೇ ಸುಳ್ಳು ಕಲಿಯುತ್ತಾರೆ. ಅವನನ್ನು ‘ಅಪ್ಪನ ಮಗನೇ ನೀನು’ ಎಂದು ಮಾತ್ರ ಎಂದೂ ಹೇಳಬೇಡಿ.

ಚಿಕಿತ್ಸೆ ಇದೆಯೇ? ಸುಳ್ಳಿಗೆ ಮಾತ್ರೆ ಇಲ್ಲ. ಬುಡದಲ್ಲಿ ಖಿನ್ನತೆ, ಆತಂಕ, ಜೂಜು, ಅಥವಾ ಬಾಲ್ಯದಿಂದ ಗುರುತಿಸದೆ ಉಳಿದ ಎಡಿಎಚ್‌ಡಿ (ಗಮನ ನಿಲ್ಲದ, ದುಡುಕುವ ತೊಂದರೆ) ಇದ್ದರೆ ಅದಕ್ಕೆ ಖಂಡಿತ ಇದೆ. ಪಿಯುಸಿ ನಿಂತದ್ದು, ಕೆಲಸ ಮುಂದೂಡುವುದು, ಯೋಚಿಸದೆ ಉತ್ತರ ಬಾಯಿಗೆ ಬರುವುದು ಇವೆಲ್ಲ ಸೇರಿದಾಗ ಕೊನೆಯದನ್ನು ನಾನು ಒಮ್ಮೆ ಪರೀಕ್ಷಿಸಿ ನೋಡುತ್ತೇನೆ. ಉಳಿದದ್ದು ಮಾತಿನ ಚಿಕಿತ್ಸೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಉಸಿರಿನಷ್ಟು ಜಾಗ ಮಾಡಿಕೊಳ್ಳುವುದನ್ನು, ‘ಯೋಚಿಸಿ ಹೇಳ್ತೀನಿ’ ಅನ್ನುವುದನ್ನು ಅಲ್ಲಿ ಕಲಿಸುತ್ತೇವೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ನಡುವೆ ಜಾರುತ್ತಾರೆ. ತಾವಾಗಿ ಬಂದವರಿಗೆ ಆಗುವಷ್ಟು ಉಪಯೋಗ, ಎಳೆದು ತಂದವರಿಗೆ ಆಗುವುದಿಲ್ಲ. ಎಲ್ಲ ಮಾಡಿಯೂ ಬದಲಾಗದವರು ಇದ್ದಾರೆ. ಆಗ ಜೊತೆಗೆ ಬಾಳಬೇಕೇ ಎಂಬ ಪ್ರಶ್ನೆ ನಿಮ್ಮದು, ಅದನ್ನು ಕೇಳಿಕೊಳ್ಳುವುದು ಪಾಪವಲ್ಲ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಅವರನ್ನು ಕರೆಯುವಾಗ ‘ನಿಮ್ಮ ಸುಳ್ಳಿಗೆ ಔಷಧಿ ಕೊಡಿಸ್ತೀನಿ’ ಎನ್ನಬೇಡಿ. ‘ನಂಗೆ ನಿದ್ದೆ ಬರ್ತಿಲ್ಲ, ಮನಸ್ಸು ಸರಿ ಇಲ್ಲ, ಜೊತೆಗೆ ಬನ್ನಿ’ ಅನ್ನಿ, ಅದು ನಿಜವೂ ಹೌದು. ಬರುವುದಿಲ್ಲ ಎಂದರೆ ನೀವು ಒಬ್ಬರೇ ಬನ್ನಿ. ಎಷ್ಟೋ ಮನೆಗಳಲ್ಲಿ ಮೊದಲು ಬಂದವರು ಹೆಂಡತಿಯೇ, ಮೂರನೆಯ ಸಲಕ್ಕೆ ಬೈಕಿನಲ್ಲಿ ಬಿಡಲು ಬಂದ ಗಂಡ ಹೊರಗಿನ ಬೆಂಚಿನಲ್ಲಿ ಕೂತಿರುತ್ತಾರೆ. ಬರುವಾಗ ಆ ನೋಟ್‌ಬುಕ್ ತನ್ನಿ.